ಹಸಿರು ದಾರದ ಗಂಟು

ಫೆಬ್ರವರಿ 11

ಕಾನ್ವೆಂಟೂ,

ನೀನು ಹಾಕಿದ ಗಂಟು ನನ್ನ ಕೈಗೆ ಸಿಕ್ಕಿದೆ.

ಎರಡು ವರ್ಷ ಒಂದು ಸಾಲೂ ಬರೆಯದವಳು ಇದ್ದಕ್ಕಿದ್ದಂತೆ ಹೀಗೆ ಶುರು ಮಾಡಿದರೆ ನೀನು ಹುಬ್ಬೇರಿಸುತ್ತೀಯ ಎಂದು ಗೊತ್ತು. ಏರಿಸು. ಜಗಳವನ್ನು ಆಮೇಲೆ ಮುಂದುವರಿಸೋಣ, ಎಲ್ಲಿಗೆ ಬಿಟ್ಟಿದ್ದೆವು ಎಂದು ನನಗೆ ಚೆನ್ನಾಗಿ ನೆನಪಿದೆ.

ನಾನೀಗ ಇರುವುದು ಯುದ್ಧ ನಡೆಯುತ್ತಿರುವ ಬೆಟ್ಟಗಳ ಕೆಳಗಿನ ಊರಿನಲ್ಲಿ, ಒಂದು ಪರಿಹಾರ ಸಂಸ್ಥೆಯ ಆಸ್ಪತ್ರೆಯಲ್ಲಿ. ಬಂದು ಮೂರು ವಾರವಾಯಿತು. ಗಾಬರಿಯಾಗಬೇಡ, ಇಲ್ಲಿಗೆ ಗುಂಡು ಬರುವುದಿಲ್ಲ, ಗುಂಡು ತಿಂದವರು ಮಾತ್ರ ಬರುತ್ತಾರೆ. ನನ್ನದು ಹೊಲಿಗೆ ಕೋಣೆ. ಹೊದಿಕೆ, ರೋಗಿಗಳ ಅಂಗಿ, ಮುರಿದ ಕೈಗೆ ಜೋಲಿ. ಒಂದು ಕಿಟಕಿ, ಕಾಲಿನಲ್ಲಿ ತುಳಿಯುವ ಎರಡು ಮೆಷಿನ್ನು. ಅದರಲ್ಲಿ ಒಂದರ ಬೆಲ್ಟು ದಿನಕ್ಕೆ ಮೂರು ಸಲ ಜಾರುತ್ತದೆ. ಇಲ್ಲಿಯವರ ಭಾಷೆ ನನಗೆ ಬರುವುದಿಲ್ಲ. ಔಷಧಿ ಕೊಡುವವನು ತರ್ಜುಮೆ ಮಾಡುತ್ತಾನೆ, ಅರ್ಧ ಅವರು ಹೇಳಿದ್ದು, ಅರ್ಧ ಅವನ ಸ್ವಂತದ್ದು.

ಬೆಟ್ಟ ಇಳಿದು ಬಂದ ಜನ ಬಿಳಿ ಬಟ್ಟೆಯ ಮುದ್ದೆ ತರುತ್ತಾರೆ, ಮಕ್ಕಳಿಗೆ ಅಂಗಿ ಹೊಲಿದುಕೊಡಿ ಎಂದು. ನಿನ್ನೆ ಒಂದನ್ನು ಮೇಜಿನ ಮೇಲೆ ಹರವಿದೆ. ಎಂಟು ಪಟ್ಟಿ. ಚಪ್ಪಟೆ ಹೊಲಿಗೆ. ಅಂಚಿಗೆ ಅರ್ಧ ಬೆರಳಿನ ಮಡಿಕೆ. ಕಾನ್ವೆಂಟೂ, ಅದು ನಮ್ಮ ಕೊಡೆ! ಪ್ಯಾರಾಚೂಟ್ ಅನ್ನಲು ನಾಲಿಗೆ ಹೊರಳದೆ ನಮ್ಮ ಕತ್ತರಿ ಅಜ್ಜಿ ಇಟ್ಟ ಹೆಸರು ನೋಡು, ಎಲ್ಲಿಗೆ ಬಂದರೂ ಬಾಯಿಗೆ ಅದೇ ಬರುತ್ತದೆ. ನೆತ್ತಿಯ ಹತ್ತಿರ ನೋಡಿದೆ. ಹಸಿರು ದಾರ. ಎರಡು ಸುತ್ತು, ಒಳಗಿನಿಂದ ಒಂದು, ಮತ್ತೆ ತಿರುಗಿಸಿ ಒಂದು.

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ನಾನು ಹೊಲಿಗೆ ನೋಡಿ ಒಪ್ಪುವ ಪರೀಕ್ಷಕಿಯಾದರೆ ಸಹಿಯ ಬದಲು ಹಾಕಬೇಕೆಂದು ಕಂಡುಹಿಡಿದು ಇಟ್ಟುಕೊಂಡಿದ್ದ ಗಂಟು. ನಿನಗೊಬ್ಬಳಿಗೇ ತೋರಿಸಿದ್ದೆ. ಆ ಕುರ್ಚಿ ನಿನಗೆ ಸಿಕ್ಕಿತು, ಕಾನ್ವೆಂಟಿನಲ್ಲಿ ಕಲಿತವಳು, ಆರ್ಡರಿನ ಇಂಗ್ಲಿಷ್ ಕಾಗದ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. "ಕುರ್ಚಿ ಹೋದ್ರೆ ಹೋಗ್ಲಿ, ಗಂಟನ್ನೂ ಕದ್ಯಲ್ಲೇ" ಎಂದು ಎಲ್ಲರೆದುರು ಕೂಗಿ ಹೊರಟುಬಂದೆ. ನಿನ್ನೆ ಅದೇ ಗಂಟನ್ನು ಬೆರಳಿನಿಂದ ಸವರುತ್ತ ಎಷ್ಟು ಹೊತ್ತು ಕೂತಿದ್ದೆನೋ. ಕದ್ದರೂ ಚೆನ್ನಾಗಿ ಹಾಕಿದ್ದೀಯ.

ಮಿತ್ರದೇಶದ ವಿಮಾನಗಳು ಬೆಟ್ಟದ ಜನರಿಗೆ ಪರಿಹಾರ ಸಾಮಗ್ರಿ ಇಳಿಸುತ್ತಿವೆ, ಅದಕ್ಕೆ ನಾವೂ ಕೈಜೋಡಿಸಿದ್ದೇವೆ ಎಂದು ನಮ್ಮ ಸರ್ಕಾರ ರೇಡಿಯೋದಲ್ಲಿ ಹೇಳಿದಾಗ ನಾನು ನಕ್ಕಿದ್ದೆ. ಈಗ ನನಗೇ ನಾಚಿಕೆ. ಒಂದು ಹೇಳು: ಈ ಕೊಡೆಗಳ ಕೆಳಗೆ ಏನು ಕಟ್ಟಿ ಕಳಿಸುತ್ತಾರೆ? ಇಲ್ಲಿಗೆ ಬರೀ ಬಟ್ಟೆ ಬರುತ್ತದೆ. ಮಿಕ್ಕಿದ್ದು ಯಾರ ಹೊಟ್ಟೆಗೆ ಹೋಗುತ್ತಿದೆ ಎಂದು ವಿಚಾರಿಸಬೇಕು.

ಮುನಿಸು ಬಿಟ್ಟ,
ಗುಂಡುಸೂಜಿ


ಮಾರ್ಚ್ 3

ಪ್ರಿಯ ಗುಂಡುಸೂಜಿ,

ನಿನ್ನ ಕಾಗದವನ್ನು ಪೆಟ್ಟಿಗೆಗಳ ಸಾಲಿನ ನಡುವೆ ನಿಂತು ಓದಿದೆ. ಮೊದಲ ಸಲ ಅರ್ಧಕ್ಕೇ ನಿಲ್ಲಿಸಬೇಕಾಯಿತು. ನೀನು ಬೈದು ಹೋದ ಮೇಲೆ ಆ ಗಂಟನ್ನು ಬದಲಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಬೆರಳು ಕೇಳಲಿಲ್ಲ. ಬೇರೆ ಗಂಟು ಹಾಕಿದರೆ ನೀನು ನಿಜವಾಗಿಯೂ ಹೊರಟುಹೋದಂತೆ ಎಂದೂ ಅನಿಸುತ್ತಿತ್ತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಕತ್ತರಿ ಅಜ್ಜಿ ಎರಡು ಸಲ ನಿವೃತ್ತಿಯಾಗಿ ಎರಡು ಸಲವೂ ಮರುದಿನ ಬೆಳಗ್ಗೆ ಬಂದು ಮೇಜಿನ ಮುಂದೆ ನಿಂತಳು. ಮ್ಯಾನೇಜರು ಈಗಲೂ ಮಾತಿಗೆ ಮೊದಲು ಪೆಪ್ಪರ್‌ಮಿಂಟು ಕೊಡುತ್ತಾರೆ. ಅದು ಬಾಯಲ್ಲಿರುವ ತನಕ ಎದುರು ಮಾತಾಡುವ ಹಾಗಿಲ್ಲ. ನಮ್ಮ ಮನೆಯವರು ಡಿಪೋದಲ್ಲಿ ಬಸ್ಸುಗಳ ವೇಳೆ ಬರೆಯುವ ಕೆಲಸದಲ್ಲೇ ಇದ್ದಾರೆ. ಚಳಿ ಬಿದ್ದರೆ ಕಾಲು ಎಳೆಯುತ್ತದೆ. ಮಿತ್ರದೇಶದ ಸುದ್ದಿ ಬಂದರೆ ಈಗಲೂ ರೇಡಿಯೋ ದನಿ ಜೋರು ಮಾಡುತ್ತಾರೆ. ಭೂಕಂಪದಲ್ಲಿ ಡಿಪೋ ಚಾವಣಿಯ ಕೆಳಗಿನಿಂದ ಅವರನ್ನು ಎಳೆದು ತೆಗೆದವರು ಆ ದೇಶದ ಸೈನಿಕರಲ್ಲವೇ. ಎರಡೂವರೆ ವರ್ಷದ ಹಿಂದೆ ಅವರ ಮಾರುಕಟ್ಟೆಯಲ್ಲಿ ಬಾಂಬು ಸಿಡಿದು ನಲವತ್ತು ಜನ ಸತ್ತು ಈ ಯುದ್ಧ ಶುರುವಾದ ದಿನ ಇವರು ಊಟ ಮಾಡಲಿಲ್ಲ.

ನೀನು ಕೇಳಿದ್ದಕ್ಕೆ: ಹಾಲಿನ ಪುಡಿ. ಒಂದು ಕೊಡೆಗೆ ಒಂದು ಡಬ್ಬಿ, ಒಂದೂವರೆ ಕಿಲೋ ತೂಕದ್ದು. ಡಬ್ಬಿಯನ್ನು ಬೇರೆ ಕಡೆ ಕಟ್ಟುತ್ತಾರೆ, ನಾವು ನೋಡಿಲ್ಲ. ಪೆಟ್ಟಿಗೆಗಳ ಮೇಲೆ "ಪರಿಹಾರ ಸಾಮಗ್ರಿ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತದೆ.

ಬರೆಯುತ್ತಿರು. ಬೈದಾದರೂ ಬರೆ.

ನಿನ್ನ
ಕಾನ್ವೆಂಟ್


ಮಾರ್ಚ್ 29

ಕಾನ್ವೆಂಟೂ,

ಹಾಲಿನ ಪುಡಿಯ ಕಳ್ಳ ಸಿಕ್ಕಿದ!

ನಿನ್ನ ಕಾಗದ ಬಂದ ದಿನವೇ ಒಬ್ಬ ಮುದುಕ ಬಂದ. ಬಗಲಲ್ಲಿ ನಾಲ್ಕು ಕೊಡೆ, ಹಿಂದೆ ಆರು ವರ್ಷದ ಮೊಮ್ಮಗಳು. ಆ ಮಗುವಿಗೆ ಎರಡು ಅಂಗಿ ಬೇಕಂತೆ. ಹಾಲಿಲ್ಲದೆ ನಮ್ಮ ಮಕ್ಕಳ ವಾರ್ಡಿನಲ್ಲಿ ಗಂಜಿ ತಿಳಿ ಕುಡಿಸುತ್ತಿದ್ದಾರೆ, ಇವನ ಬಗಲಲ್ಲಿ ನಾಲ್ಕು ಡಬ್ಬಿಯ ಗುರುತಿದೆ. ಮೈ ಉರಿದುಹೋಯಿತು.

"ಡಬ್ಬಿ ಎಲ್ಲಿ ಅಂತ ಕೇಳು" ಎಂದೆ ಔಷಧಿಯವನಿಗೆ.

"ಯಾವ ಡಬ್ಬಿ ಅಂತಾನೆ."

"ಹಾಲಿನ ಪುಡಿ ಡಬ್ಬಿ. ಇದರ ಜೊತೆ ಬಂದಿದ್ದು. ನಾಲ್ಕು."

ಮುದುಕ ನನ್ನನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. ಸಿಕ್ಕಿಬಿದ್ದವರು ನಗುವ ನಗೆ ಎಂದು ಔಷಧಿಯವನೂ ಹೇಳಿದ. ಏನೇನೋ ಹೇಳಿದನಂತೆ, ಬೆಳಕು ಬಂತು, ಬೆಂಕಿ ಬಂತು ಎಂದು. ಮಾತಿಗೆ ತಲೆಬುಡ ಇರಲಿಲ್ಲ. ಉಗ್ರಾಣದ ಮೇಲ್ವಿಚಾರಕಿಗೆ ತಿಳಿಸಿದೆ. ಅವಳು ಅವನ ರೇಷನ್ ಕಾರ್ಡು ತೆಗೆದಿಟ್ಟುಕೊಂಡಿದ್ದಾಳೆ, ಡಬ್ಬಿ ತಂದು ಒಪ್ಪಿಸುವ ತನಕ. ಮಗುವಿಗೆ ಮಾತ್ರ ಊಟ ಕೊಡುತ್ತಾರೆ. ನನಗೆ ಸ್ವಲ್ಪ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀನು ಬರೆದು ಕಳಿಸಿದ ಮಾತು ಕೈಯಲ್ಲಿತ್ತು. ಬೇರೆ ಯಾರ ಮಾತಾಗಿದ್ದರೂ ಇನ್ನೊಮ್ಮೆ ಯೋಚಿಸುತ್ತಿದ್ದೆ. ನೀನು ಅಳತೆ ಮೀರಿ ಒಂದು ನೂಲೂ ಬಿಡದವಳು.

ಇವತ್ತು ಬೆಳಗ್ಗೆ ಮುದುಕ ಕಾಣಲಿಲ್ಲ. ಮೊಮ್ಮಗಳನ್ನು ಪಕ್ಕದ ಡೇರೆಯವರಿಗೆ ಒಪ್ಪಿಸಿ ಬೆಟ್ಟ ಹತ್ತಿ ಹೋದನಂತೆ. ಡಬ್ಬಿ ತರಲು ಹೋಗಿರಬೇಕು. ನೋಡೋಣ.

ಪೊಲೀಸಮ್ಮನಾದ ನಿನ್ನ
ಗುಂಡುಸೂಜಿ


ಏಪ್ರಿಲ್ 20

ಪ್ರಿಯ ಗುಂಡುಸೂಜಿ,

ಆ ಮುದುಕನ ಕಾರ್ಡು ದಯವಿಟ್ಟು ವಾಪಸ್ ಕೊಡಿಸು. ಈ ಕಾಗದ ತಲುಪುವ ಹೊತ್ತಿಗೆ ಕೊಟ್ಟಿರುತ್ತಾರೆ ಎಂದುಕೊಂಡಿದ್ದೇನೆ. ಡಬ್ಬಿ ಅಷ್ಟು ಎತ್ತರದಿಂದ ಬಿದ್ದು ಒಡೆದಿರಬಹುದು. ಬೇರೆ ಯಾರಾದರೂ ಎತ್ತಿಕೊಂಡು ಹೋಗಿರಬಹುದು. ಎಲ್ಲ ಕೊಡೆಗೂ ಡಬ್ಬಿ ಕಟ್ಟುತ್ತಾರೆಯೇ ಎಂಬುದೂ ನನಗೆ ಖಾತ್ರಿಯಿಲ್ಲ. ನಾನು ಬರೆದದ್ದನ್ನು ಯಾರಿಗೂ ಸಾಕ್ಷಿಯಾಗಿ ತೋರಿಸಬೇಡ.

ಅವನು ಬೆಟ್ಟದಿಂದ ಇಳಿದು ಬಂದನೇ? ಅದೊಂದನ್ನು ಬರೆ.

ಇಲ್ಲಿ ಕೆಲಸ ಹೆಚ್ಚಾಗಿದೆ. ದಿನಕ್ಕೆ ಎಪ್ಪತ್ತೈದು ಕೊಡೆ ನನ್ನ ಕೈ ದಾಟುತ್ತವೆ, ಉಳಿದಿಬ್ಬರು ಪರೀಕ್ಷಕಿಯರದ್ದು ಬೇರೆ. ಮಿತ್ರದೇಶಕ್ಕೆ ನಾವು ನಿಜವಾಗಿಯೂ ಏನು ಕಳಿಸುತ್ತಿದ್ದೇವೆ ಎಂದು ವಿಚಾರಿಸಲು ಶಾಸನಸಭೆಯ ಮೂರು ಜನರ ಸಮಿತಿ ಬರುತ್ತದಂತೆ, ಜುಲೈನಲ್ಲಿ. ಮ್ಯಾನೇಜರು ನನ್ನನ್ನು ಕರೆದು, "ಇಂಗ್ಲಿಷು ಬಲ್ಲೋರು ನೀವೇ, ನೀವೇ ಉತ್ತರ ಕೊಡಿ. ನಾವು ಬಟ್ಟೆಯವರು ಕಣ್ರಮ್ಮ, ಬಟ್ಟೆ ಬಗ್ಗೆ ಮಾತಾಡಿದ್ರೆ ಸಾಕು" ಎಂದರು. ಎರಡು ಪೆಪ್ಪರ್‌ಮಿಂಟು ಕೊಟ್ಟರು.

ತಲೆನೋವು, ಹೆಚ್ಚು ಬರೆಯಲಾರೆ.

ನಿನ್ನ
ಕಾನ್ವೆಂಟ್


ಮೇ 14

ಕಾನ್ವೆಂಟೂ,

ಮುದುಕ ಬಂದ. ಒಂಬತ್ತನೆಯ ದಿನಕ್ಕೆ.

ನಾನು ಬೆಲ್ಟು ಸರಿಮಾಡುತ್ತ ಬಗ್ಗಿದ್ದೆ. ಮೇಜಿನ ಮೇಲೆ ಟಣ್ ಎಂದು ಏನೋ ಇಟ್ಟ ಸದ್ದಾಯಿತು. ತಲೆಯೆತ್ತಿದರೆ ಅವನು, ಕೋಲೂರಿಕೊಂಡು. ಮುಳ್ಳುತಂತಿ ಹೊಕ್ಕು ಬಲಗಾಲು ಬಾತು ಕಪ್ಪಾಗಿತ್ತು. ಮೇಜಿನ ಮೇಲೆ ಡಬ್ಬಿ. ಮೊಳಕೈಯಷ್ಟು ಉದ್ದ, ಒಳಗೆಲ್ಲ ಸುಟ್ಟು ಬೂದಿ ಹತ್ತಿದೆ. ಬಾಯಿಯ ಹತ್ತಿರ ನಾಲ್ಕು ಎಳೆ ತಂತಿ, ತಂತಿಯ ತುದಿಗೆ ನಮ್ಮ ಕೊಡೆಯ ದಾರಗಳು, ಬೆಂಕಿಗೆ ಸುಡದ ಹಳದಿ ದಾರ.

ಅವನು ಹೇಳಿದ್ದನ್ನು ಔಷಧಿಯವನು ತರ್ಜುಮೆ ಮಾಡಲು ಸ್ವಲ್ಪ ಹೊತ್ತು ತೆಗೆದುಕೊಂಡ.

"ತಗೋಳಮ್ಮ, ಹಾಲಿನ ಪುಡಿ ಅಂತಾನೆ."

ಅವನನ್ನು ಅಷ್ಟು ಹೊತ್ತೂ ನಿಂತೇ ಇರಲು ಬಿಟ್ಟೆ. ಕುರ್ಚಿ ಕೊಡಬೇಕೆಂದು ಹೊಳೆಯಲೇ ಇಲ್ಲ.

ಆಮೇಲೆ ನಿಧಾನವಾಗಿ ಕೇಳಿ ತಿಳಿದುಕೊಂಡೆ. ಈ ಡಬ್ಬಿ ಉರಿಯುತ್ತ ಇಳಿಯುತ್ತದಂತೆ. ಕೊಡೆ ಅದನ್ನು ಆಕಾಶದಲ್ಲೇ ತಡೆದು ನಿಲ್ಲಿಸುತ್ತದೆ, ಊರಿಗೆ ಊರೇ ಹಗಲಾಗುತ್ತದೆ. ಯಾರು ಎಲ್ಲಿ ಓಡುತ್ತಿದ್ದಾರೆ ಎಂದು ಬೆಟ್ಟದಾಚೆಯ ಫಿರಂಗಿಯವರಿಗೆ ತಿಳಿಯುವಷ್ಟು ಹಗಲು. "ಗುಂಡು ಕುರುಡು, ಎಲ್ಲೋ ಬೀಳುತ್ತೆ. ಇದು ಬಂದ್ಮೇಲೆ ಅದಕ್ಕೆ ಕಣ್ಣು ಬಂತು" ಎಂದ. ಅವನ ಮಗ, ಸೊಸೆ ಆ ಬೆಳಕಿನಲ್ಲೇ ಹೋದರಂತೆ. ನಾನು ಮೊದಲ ದಿನವೇ ಅಂಗಿಯ ಅಳತೆಗೆಂದು ಬಟ್ಟೆಯನ್ನು ಮೊಮ್ಮಗಳ ಹೆಗಲಿಗೆ ಹಿಡಿದಾಗ ಅವಳು ಮೇಜಿನ ಕೆಳಗೆ ನುಸುಳಿದ್ದಳು. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ.

ಕಾಲಿನ ಎರಡು ಬೆರಳು ತೆಗೆದರು. ಕಾರ್ಡು ವಾಪಸ್ ಕೊಟ್ಟೆವು. ಕ್ಷಮೆ ಕೇಳಿದೆ. ಔಷಧಿಯವನು ಅದನ್ನು ಏನೆಂದು ಹೇಳಿದನೋ, ಮುದುಕ ತಲೆಯಾಡಿಸಿದ. ಅಂಗಿ ಬೇಡವಂತೆ.

ನಾನು ಈಗ ನಿನ್ನನ್ನು ಒಂದೇ ಮಾತು ಕೇಳುತ್ತಿದ್ದೇನೆ. ನಿನಗೂ ಗೊತ್ತಿರಲಿಲ್ಲ, ಅಲ್ಲವೇ? ನಿನಗೆ ಯಾರೋ ಹಾಲಿನ ಪುಡಿ ಎಂದರು, ನೀನು ನನಗೆ ಅದನ್ನೇ ಹೇಳಿದೆ. ಹೌದು ಎಂದು ಒಂದು ಸಾಲು ಬರೆ, ನನಗೆ ಅಷ್ಟು ಸಾಕು. ಆಮೇಲೆ ಇಬ್ಬರೂ ಸೇರಿ ಆ ಮ್ಯಾನೇಜರಿನ ಪೆಪ್ಪರ್‌ಮಿಂಟು ಅವನ ಗಂಟಲಿಗೇ ತುರುಕೋಣ.

ಗುಂಡುಸೂಜಿ


ಜೂನ್ 5

ಪ್ರಿಯ ಗುಂಡುಸೂಜಿ,

ಹೌದು. ನನಗೆ ಹಾಗೆಯೇ ಹೇಳಿದ್ದರು.

ಮುದುಕನ ಕಾಲು ವಾಸಿಯಾಗಲಿ.

ಕಾನ್ವೆಂಟ್


ಜುಲೈ 9

ಗುಂಡುಸೂಜಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಜೂನ್ 5ರ ಕಾಗದ ಸುಳ್ಳು. ಮಾರ್ಚ್ 3ರದೂ ಸುಳ್ಳು. ನಡುವಿನದು ಸುಳ್ಳನ್ನು ಮುಚ್ಚಲು ಬರೆದದ್ದು.

ನನಗೆ ಮೊದಲ ದಿನದಿಂದ ಗೊತ್ತಿತ್ತು. ಆರ್ಡರಿನ ಜೊತೆ ಬಂದ ನಕ್ಷೆಯಲ್ಲಿ ಎಲ್ಲ ಇತ್ತು. ಎಷ್ಟು ಸೆಕೆಂಡು ಉರಿಯುತ್ತದೆ, ಎಷ್ಟು ಎತ್ತರದಲ್ಲಿ ನಿಂತರೆ ನೆಲದ ಮೇಲೆ ಎಷ್ಟು ಅಗಲಕ್ಕೆ ಬೆಳಕು ಬೀಳುತ್ತದೆ. ನಮ್ಮಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳು. ನಿನ್ನ ಕುರ್ಚಿಯನ್ನು ನನಗೆ ಕೊಡಿಸಿದ ವಿದ್ಯೆ ಅದು.

ಓದುವ ಮೊದಲೇ ಗುರುತು ಸಿಕ್ಕಿತ್ತು. ಭೂಕಂಪದ ಮೂರನೆಯ ದಿನ ಊರಿಗೆ ಕರೆಂಟಿಲ್ಲ, ಡಿಪೋದ ಚಾವಣಿ ನೆಲಕ್ಕೆ ಕೂತಿದೆ, ಇವರು ಅದರ ಕೆಳಗೆ. ಮಿತ್ರದೇಶದ ವಿಮಾನ ಬಂದು ಇಂಥದ್ದೇ ಡಬ್ಬಿಗಳನ್ನು ಹಾಕಿತು. ಆಕಾಶದಲ್ಲಿ ಬೆಳಕು ಅಲುಗಾಡದೆ ನಿಂತಿತು. ಆ ಬೆಳಕಿನಲ್ಲಿ ಅಗೆದು ಇವರನ್ನು ತೆಗೆದರು. ನಾನು ರಸ್ತೆಯಲ್ಲಿ ನಿಂತು ಆ ಬಿಳಿ ಕೊಡೆಗಳಿಗೆ ಕೈಮುಗಿದಿದ್ದೆ. ನಕ್ಷೆ ನೋಡಿದಾಗ ನನಗೆ ನೆನಪಾದದ್ದು ಅದು. ಬೆಳಕು ತಾನೇ, ಗುಂಡಲ್ಲವಲ್ಲ ಎಂದುಕೊಂಡೆ. ಉಳಿಸಿದವರು ಕೇಳುತ್ತಿದ್ದಾರೆ, ಇಲ್ಲ ಅನ್ನಲು ಯಾವ ಬಾಯಿ ಎಂದುಕೊಂಡೆ. ಮಿತ್ರನ ಮನೆಗೆ ಬೆಂಕಿ ಬಿದ್ದಾಗ ನೀರು ಕೊಡುವುದಕ್ಕೂ, ಅವನು ಪಕ್ಕದ ಮನೆಗೆ ಬೆಂಕಿಯಿಡಲು ಹೊರಟಾಗ ಕಡ್ಡಿಪೆಟ್ಟಿಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯದ್ದೇನಲ್ಲ. ತಿಳಿಯದವಳ ಹಾಗೆ ದಿನಕ್ಕೆ ಎಪ್ಪತ್ತೈದು ಗಂಟು ಹಾಕಿದೆ.

ಇನ್ನೊಂದಿದೆ, ಅದನ್ನು ಬರೆಯಲು ನಾಲ್ಕು ಹಾಳೆ ಹರಿದೆ. "ಪರಿಹಾರ ಸಾಮಗ್ರಿ" ಎಂದು ಪೆಟ್ಟಿಗೆಗೆ ಅಚ್ಚು ಹಾಕಿಸಿದ್ದು ಮ್ಯಾನೇಜರು. ಹಾಲಿನ ಪುಡಿ ಎಂದದ್ದು ನಾನು. ಯಾರೂ ಹೇಳಿಕೊಟ್ಟದ್ದಲ್ಲ. ಹೊಲಿಯುವ ಹೆಂಗಸರು ಏನು ಪರಿಹಾರ ಎಂದು ಕೇಳಿದಾಗ ತಟ್ಟನೆ ಬಾಯಿಗೆ ಬಂತು. ಎಷ್ಟು ಚೆಂದವಾಗಿ ಬಂತೆಂದರೆ ತೂಕವನ್ನೂ ಸೇರಿಸಿ ಹೇಳಿದೆ. ನಿನ್ನ ಮುದುಕ ಎರಡು ಬೆರಳು ಕಳೆದುಕೊಂಡದ್ದು ಯುದ್ಧದಿಂದಲ್ಲ, ಮಿತ್ರದೇಶದಿಂದಲೂ ಅಲ್ಲ. ನನ್ನ ಆ ಒಂದು ಮಾತಿನಿಂದ.

ಸಮಿತಿ ಮೊನ್ನೆ ಏಳನೇ ತಾರೀಕು ಕೂತಿತ್ತು. ಹಿಂದಿನ ಸಂಜೆ ಇವರಿಗೆ ಎಲ್ಲ ಹೇಳಿದೆ. ರೇಡಿಯೋ ಆರಿಸಿದರು.

"ನನ್ನನ್ನ ಎಳೆದು ತೆಗೆದೋರ ಹೆಸರೂ ನಂಗೊತ್ತಿಲ್ಲ. ಕೈ ಮಾತ್ರ ನೆನಪಿದೆ. ಅಂಥೋರ ವಿರುದ್ಧ ಸಾಕ್ಷಿ ಹೇಳ್ತೀಯಾ?"

"ಅವರ ವಿರುದ್ಧ ಅಲ್ಲ ರೀ. ನನ್ನ ವಿರುದ್ಧ."

"ಎರಡೂ ಒಂದೇ ಆಗುತ್ತೆ ನೋಡು" ಎಂದು ರೇಡಿಯೋ ಹಾಕಿದರು. ಬೆಳಗ್ಗೆ ಎದ್ದಾಗ ಅವರು ಡಿಪೋಗೆ ಹೋಗಿಯಾಗಿತ್ತು. ಊಟದ ಮೇಜಿನ ಮೇಲೆ ಬಸ್ಸಿಗೆ ಬೇಕಾದ ಚಿಲ್ಲರೆ ಇತ್ತು, ನಾನು ಇಳಿಯಬೇಕಾದ ನಿಲ್ದಾಣದ ಹೆಸರು ಬರೆದ ಚೀಟಿಯ ಮೇಲೆ.

ಉದ್ದ ಮೇಜು, ಸದ್ದು ಮಾಡುವ ಫ್ಯಾನು, ಮುಚ್ಚಳವಿಟ್ಟ ನೀರಿನ ಲೋಟ. ಅಧ್ಯಕ್ಷೆ ಮೃದುವಾಗಿ ಮಾತಾಡುವ ಹೆಂಗಸು. ಡಬ್ಬಿಯಲ್ಲಿ ಏನಿರುತ್ತದೆ ಎಂದು ಕೇಳಿದರು, ಹೇಳಿದೆ. ಹಿಂದೆ ಕೂತಿದ್ದ ಮ್ಯಾನೇಜರು ಕೆಮ್ಮಿದರು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

ನೀನು ನನಗಾಗಿ ಬಾಗಿಲು ತೆರೆದಿಟ್ಟಿದ್ದೆಯಲ್ಲ, ಅದರಿಂದ ಹೊರಬರಬೇಕೆಂದೇ ನಾನು ಹೋಗಿದ್ದೆ. ನನ್ನ ಗೆಳತಿ ಅಲ್ಲಿಂದ ಕಾಗದ ಬರೆದಳು, ಆಗ ತಿಳಿಯಿತು ಎನ್ನುವುದು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ಹೇಳಲು ಬಾಯಿ ತೆರೆದಾಗ ನೀನು ಮುದುಕನಿಗೆ ಕುರ್ಚಿ ಕೊಡದೆ ನಿಲ್ಲಿಸಿದೆ ಎಂದು ಬರೆದದ್ದು ನೆನಪಾಯಿತು. ಆ ಸಣ್ಣ ತಪ್ಪನ್ನು ನೀನು ಬಚ್ಚಿಡಲಿಲ್ಲ. ನಾನು ಕೂತಿದ್ದೆ, ಕುರ್ಚಿಗೆ ಮೆತ್ತೆಯೂ ಇತ್ತು.

"ಮೊದಲನೇ ದಿನ" ಎಂದೆ.

ಮತ್ತೊಬ್ಬ ಸದಸ್ಯರು ಮುಂದೆ ಬಾಗಿದರು. "ಅದೇ ಬೆಳಕು ನಿಮ್ಮ ಯಜಮಾನ್ರನ್ನ ಉಳಿಸ್ತು ಅಂತ ಕೇಳಿದೀನಿ. ಹೌದೋ ಅಲ್ವೋ?"

"ಹೌದು ಸಾರ್."

"ಅವರ ಮಾರ್ಕೆಟ್‌ನಲ್ಲಿ ನಲವತ್ತು ಜನ ಸತ್ತಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಅತ್ತೆ ಸಾರ್."

"ಮತ್ತೆ?"

"ಅದೂ ನಿಜ, ಇದೂ ನಿಜ. ನಾನು ಇದನ್ನ ಮುಚ್ಚಿಟ್ಟೆ."

ಅವರು ಪೆನ್ನು ಕೆಳಗಿಟ್ಟರು. ನಾನೇನೋ ದೊಡ್ಡ ಮಾತಾಡಿದೆ ಎಂದುಕೊಳ್ಳಬೇಡ. ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಬೆರಳಚ್ಚಿನವಳು ಮೂರು ಸಲ "ಏನಂದ್ರಿ?" ಎಂದಳು. ಮೂರು ಸಲವೂ ಮತ್ತೆ ಹೇಳಬೇಕಾಯಿತು.

ಮರುದಿನ ಕಾರ್ಖಾನೆಯಲ್ಲಿ ಎಲ್ಲರನ್ನೂ ಕರೆದು ತಿಳಿಸಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕತ್ತರಿ ಅಜ್ಜಿ ಬಟ್ಟೆಯಿಂದ ಕಣ್ಣೆತ್ತಲೇ ಇಲ್ಲ.

"ಅಯ್ಯೋ, ಗೊತ್ತಿತ್ತು ಬಿಡೇ. ಹಾಲಿನ ಪುಡಿಗೆ ಬೆಂಕಿ ತಡೆಯೋ ದಾರ ಯಾಕೆ ಬೇಕು? ನಾವೇನು ಹುಲ್ಲು ತಿಂತೀವಾ?"

"ಮತ್ತೆ ಯಾಕೆ ಒಬ್ಬರೂ ಕೇಳಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಹೇಳ್ತಿದ್ದೆ. ಪಾಪ ಅನ್ನಿಸ್ತು."

ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೆಷಿನ್ನುಗಳು ಒಂದೊಂದಾಗಿ ಶುರುವಾದವು.

ಆರ್ಡರು ವಿಚಾರಣೆ ಮುಗಿಯುವ ತನಕ ನಿಂತಿದೆಯಂತೆ. ಈಗ ಮಳೆಯಂಗಿ ಹೊಲಿಯುತ್ತಿದ್ದೇವೆ. ನನ್ನನ್ನು ಪರೀಕ್ಷೆಯ ಕುರ್ಚಿಯಿಂದ ಎಬ್ಬಿಸಿ ಕತ್ತರಿ ಮೇಜಿಗೆ ಹಾಕಿದ್ದಾರೆ. ಅದನ್ನು ಶಿಕ್ಷೆ ಎಂದು ನಿನಗೆ ಬರೆಯಲೂ ಮುಖವಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಈ ಕಾಗದವನ್ನು ಮುದುಕನಿಗೆ ಓದಿ ಹೇಳುವೆಯಾ?

ಕಾನ್ವೆಂಟ್


ಆಗಸ್ಟ್ 1

ಕಾನ್ವೆಂಟ್,

ಇಲ್ಲಿಗೆ ಒಂದು ತಿಂಗಳು ಅಂಚೆ ಬಂದಿರಲಿಲ್ಲ, ನಿನ್ನ ಎರಡೂ ಕಾಗದ ಒಂದೇ ಚೀಲದಲ್ಲಿ ಬಂದವು. ಸಣ್ಣದನ್ನು ಮೊದಲು ಓದಿದೆ. ಅರ್ಧ ಗಂಟೆ ಖುಷಿಯಾಗಿದ್ದೆ.

ನಿನ್ನನ್ನು ಏನೆಂದು ಬೈಯಲಿ? ಕುರ್ಚಿಗಾಗಿ ಬೈದಾಗ ಬೇಕಾದಷ್ಟು ಮಾತು ಸಿಕ್ಕಿದ್ದವು. ಈಗ ಹೊಲಿಗೆಗೆ ಕೂತರೆ ನನ್ನ ಕೈಯೇ ನನಗೆ ಕಾಣುತ್ತದೆ. ಆ ಗಂಟು ನನ್ನದು. ಮುದುಕನನ್ನು ಕಳ್ಳ ಎಂದದ್ದೂ ನಾನೇ, ನೀನು ಬಂದು ಹೇಳಿಸಲಿಲ್ಲ.

ಮುದುಕನಿಗೆ ಓದಿ ಹೇಳಿದೆ. ಹಾಸಿಗೆಯ ಮೇಲೆ ಕೂತು ಕೇಳಿದ. ಸಮಿತಿ, ಸಾಕ್ಷಿ, ನಿನ್ನ ಗಂಡ, ಭೂಕಂಪ, ಎಲ್ಲ. ಬೆಳಕಿನಲ್ಲಿ ನಿನ್ನ ಗಂಡನನ್ನು ಅಗೆದು ತೆಗೆದ ಭಾಗ ಬಂದಾಗ ಕೈಯೆತ್ತಿ ನಿಲ್ಲಿಸಿ, "ಬದುಕಿದಾನಾ?" ಎಂದು ಕೇಳಿದ. ಹೌದು ಎಂದೆ. "ಮುಂದೆ ಓದಿ" ಎಂದ.

ಎಲ್ಲ ಮುಗಿದ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಒಂದೇ ಒಂದನ್ನು ಕೇಳಿದ. ಅಲ್ಲಿಂದ ಹೊರಟು ಇನ್ನೂ ಇಲ್ಲಿ ಬೀಳದೆ ಇರುವುದು ಎಷ್ಟಿವೆ? ಬೆಟ್ಟದ ಮೇಲೆ ಅವನ ತಂಗಿ ಇದ್ದಾಳೆ, ಅಕ್ಕಪಕ್ಕದ ಮೂರು ಊರಿನವರಿದ್ದಾರೆ. ಇಳಿದು ಬರಬೇಕೋ, ಇನ್ನು ಮುಗಿಯಿತು ಎಂದು ಅಲ್ಲೇ ಇರಬೇಕೋ ಎಂದು ಅವರಿಗೆ ಹೇಳಿ ಕಳಿಸಬೇಕಂತೆ.

ಲೆಕ್ಕ ಗೊತ್ತಿದ್ದರೆ ಬರೆ. ಅಂದಾಜು ಬೇಡ.

ಗುಂಡುಸೂಜಿ


ಆಗಸ್ಟ್ 23

ಗುಂಡುಸೂಜಿ,

ಇಳಿದು ಬರಲಿ. ಇದನ್ನು ಮೊದಲು ಹೇಳು, ಉಳಿದದ್ದನ್ನು ಆಮೇಲೆ ಓದು.

ಸಮಿತಿಯೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಪರೀಕ್ಷೆಯ ಪುಸ್ತಕ ಈಗ ಹೊಸ ಪರೀಕ್ಷಕಿಯ ಹತ್ತಿರ ಇರುತ್ತದೆ. ಊಟದ ಹೊತ್ತಿನಲ್ಲಿ ಕತ್ತರಿ ಅಜ್ಜಿ ಹೊಟ್ಟೆನೋವೆಂದು ಅವಳನ್ನು ಕರೆದುಕೊಂಡು ಹೋಗಿ ಅರ್ಧ ಗಂಟೆ ಹಿಡಿದು ಕೂರಿಸಿಕೊಂಡಳು. ಅಷ್ಟರಲ್ಲಿ ಬರೆದುಕೊಂಡೆ. ಎರಡು ಸಲ ಕೂಡಿಸಿದ್ದೇನೆ.

ಇಲ್ಲಿಂದ ಹಡಗು ಹತ್ತಿದ ಪೆಟ್ಟಿಗೆ ಅಲ್ಲಿ ಬಳಕೆಗೆ ಬರಲು ಮೂರು ತಿಂಗಳು. ಮೇ ಕೊನೆಯ ತನಕ ಹೋದವು ಈ ಹೊತ್ತಿಗೆ ಬಿದ್ದು ಮುಗಿದಿರುತ್ತವೆ. ಉಳಿದಿರುವುದು ಜೂನ್ 2ರಿಂದ ಜುಲೈ 6ರವರೆಗೆ ಆದವು. ಸಮಿತಿಯ ಮುಂದೆ ನಾನು ಬಾಯಿ ಬಿಟ್ಟ ದಿನ ಕೊನೆಯ ಹಡಗು ಬಂದರು ಬಿಟ್ಟಿತ್ತು. ವಾಪಸ್ ಕರೆಸಿ ಎಂದು ಬೇಡಿಕೊಂಡೆ. "ಹೋಗಿದ್ದು ಹೋಯ್ತಲ್ರಮ್ಮ" ಎಂದರು ಮ್ಯಾನೇಜರು. ಸಮಿತಿಗೆ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬಂತು.

ನಿನ್ನ ಡಬ್ಬಿಯ ಕಾಗದ ನನ್ನ ಕೈಗೆ ಬಂದದ್ದು ಜೂನ್ 2ರ ಬೆಳಗ್ಗೆ. ಓದಿ, ಮಡಚಿ, ಮೇಜಿನ ಖಾನೆಯಲ್ಲಿಟ್ಟು ಆ ದಿನದ ಮೊದಲ ಕೊಡೆಯನ್ನು ಎತ್ತಿಕೊಂಡೆ. ಸುಟ್ಟ ಡಬ್ಬಿ, ಮೇಜಿನ ಕೆಳಗೆ ನುಸುಳಿದ ಮಗು, ಎಲ್ಲ ಗೊತ್ತಿದ್ದು ಐದು ವಾರ ಕೂತು ಹಾಕಿದ ಗಂಟುಗಳು. ಜೂನ್ 5ರಂದು ನಿನಗೆ ಹೌದು ಎಂದು ಬರೆದು ಅಂಚೆಗೆ ಹಾಕಿ ಬಂದ ಮೇಲೂ ಇಪ್ಪತ್ತೆರಡು ಹಾಕಿದ್ದೆ, ಪುಸ್ತಕದಲ್ಲಿದೆ. ಸೆಪ್ಟೆಂಬರಿನಿಂದ ಅಕ್ಟೋಬರಿನ ತನಕ ಬೀಳುವವು ಇವು. ಉಳಿದಿಬ್ಬರು ಪರೀಕ್ಷಕಿಯರದ್ದನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಮೊದಲು ನನ್ನದು ಹೇಳು, ನನ್ನದು ಎಂದೇ ಹೇಳು.

ಎರಡು ಸಾವಿರದ ಮುನ್ನೂರ ಹದಿನಾರು.

ತರ್ಜುಮೆ ಮಾಡುವಾಗ ತನ್ನದೇನನ್ನೂ ಸೇರಿಸಬಾರದು ಎಂದು ಔಷಧಿಯವನಿಗೆ ಹೇಳು.

ಕಾನ್ವೆಂಟ್